ಎಡಬಾಗಿಲಿಗೆ ಒರಗಿ ಕೂತವಳ ಕಾರು

ಮಧುಗಿರಿಯ ನನ್ನ ಗ್ಯಾರೇಜಿನ ಮುಂದೆ ಆ ಬಿಳಿ ಅಂಬಾಸಿಡರ್ ಬಂದು ನಿಂತಾಗ ಅದರ ಹಿಂಭಾಗ ಮುಂಭಾಗಕ್ಕಿಂತ ಗೇಣುದ್ದ ಮೇಲಿತ್ತು. ಹಾಯಲು ಸಿದ್ಧವಾದ ಟಗರಿನ ಹಾಗೆ ತಲೆ ತಗ್ಗಿಸಿ ನಿಂತಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಏನಮ್ಮ, ಕಡ್ಲೆಕಾಯಿ ಮೂಟೆ ಹೊಡೀತೀರಾ ಇದ್ರಲ್ಲಿ?" ಎಂದೆ.

ಸ್ಟೇರಿಂಗ್ ಹಿಂದಿದ್ದ ಹೆಂಗಸು ನಗಲಿಲ್ಲ. ಹಿಂದಿನ ಸೀಟಿನಿಂದ ಒಂದು ದನಿ ಬಂತು: "ನಾನೇ ಮೂಟೆ ಅಂಕಲ್."

ನಾನು ಹಿಂದಿನ ಎಡಬಾಗಿಲಿಗೆ ಕೈ ಹಾಕಿದೆ. "ಆ ಬಾಗ್ಲು ತೆಗೀಬೇಡಿ ಅಣ್ಣ! ಅವಳು ಒರಗ್ಕೊಂಡವ್ಳೆ" ಎಂದು ಮುಂದಿದ್ದ ಹೆಂಗಸು, ಅವಳ ತಾಯಿ, ಕೂಗಿಕೊಂಡರು. ಸುತ್ತಿ ಬಂದು ಬಲಬಾಗಿಲಿನಿಂದ ಇಣುಕಿದೆ. ಹದಿನೇಳು ಹದಿನೆಂಟರ ಹುಡುಗಿ. ಎಡಬಾಗಿಲಿಗೆ ದಿಂಬು ಇಟ್ಟು ಬೆನ್ನು ಕೊಟ್ಟು, ಬಲಗಾಲನ್ನು ಸೀಟಿನುದ್ದಕ್ಕೂ ಚಾಚಿ ಕೂತಿದ್ದಳು. ಪಾದ ಬಲಬಾಗಿಲಿಗೆ ನಾಲ್ಕು ಬೆರಳಿನಷ್ಟು ಹತ್ತಿರದಲ್ಲಿತ್ತು. ತೊಡೆಯ ಮೇಲೆ ಕೆಮಿಸ್ಟ್ರಿ ಪುಸ್ತಕ.

ಹುಟ್ಟಿದಾಗಿನಿಂದ ಅವಳಿಗೆ ಮೂಳೆ ಮುರಿಯುವ ಕಾಯಿಲೆ. ನಮಗೆ ತರಚಿದಷ್ಟೇ ಆಗುವ ಪೆಟ್ಟು ಅವಳಿಗೆ ಪ್ಲಾಸ್ಟರು. ಬಲತೊಡೆಯೊಳಗೆ ರಾಡ್ ಹಾಕಿದ್ದಾರೆ, ಮಂಡಿ ಪೂರ್ತಿ ಮಡಚುವುದಿಲ್ಲ. ತಾಯಿಗೆ ಮಧುಗಿರಿ ಕೋರ್ಟಿನಲ್ಲಿ ಗುಮಾಸ್ತೆ ಕೆಲಸ, ಮಗಳಿಗೆ ಇಲ್ಲೇ ಎರಡನೇ ಪಿಯುಸಿ ಸೈನ್ಸ್. ಮನೆ ಐ.ಡಿ.ಹಳ್ಳಿ ಕಡೆ. ತಂದೆ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಪಾಳಿ ಕೆಲಸದವರು, ಆದ್ದರಿಂದ ಓಡಿಸುವುದು ತಾಯಿಯೇ. ದಿನಾ ಬೆಳಿಗ್ಗೆ ಬರುವುದು, ಸಂಜೆ ಹೋಗುವುದು.

"ಒಂದು ಹೊಸಾ ಕಾರು ತಗೊಂಡ್ಬುಟ್ರೆ ಆಗಲ್ವಾ?" ಎಂದೆ.

"ನಮ್ಮ ಭಾವನ ಹೊಸಾ ಕಾರಲ್ಲಿ ಕೂರ್ಸಿ ನೋಡಿದ್ವಿ. ಬಾಗ್ಲು ಇಷ್ಟಗಲ, ಕಾಲು ಚಾಚಂಗಿಲ್ಲ. ಈ ಸೀಟು ನೋಡಿ, ವೀಲ್‌ಚೇರ್ ಎತ್ತರಕ್ಕೇ ಐತೆ. ಹಂಗೇ ಜಾರ್ಕೊಂಡು ಬತ್ತಾಳೆ. ಚೇರು ಡಿಕ್ಕಿಗೆ ಹೋಯ್ತದೆ. ನಮ್ಮಪ್ಪ ಟ್ಯಾಕ್ಸಿ ಹೊಡ್ದ ಗಾಡಿ ಅಂತ ಇಟ್ಕೊಂಡಿಲ್ಲ ಅಣ್ಣ, ಇವಳಿಗೆ ಆಗೋದು ಇದೊಂದೇ."

ಹಿಂದಿನ ಸಲ ಮುರಿದದ್ದು ಇದೇ ಕಾರಿನಲ್ಲಿ, ದಾರಿಯ ಒಂದು ಊರ ಮುಂದೆ ರಸ್ತೆಗೆ ಅಡ್ಡ ಕಟ್ಟಿದ ಹಂಪಿನ ಮೇಲೆ. ಅದರಿಂದ ತಿಂಗಳುಗಟ್ಟಲೆ ಕಾಲೇಜು ತಪ್ಪಿತ್ತು. ಇನ್ನು ಸ್ವಲ್ಪ ಹಾಜರಿ ಕಮ್ಮಿಯಾದರೂ ಹಾಲ್ ಟಿಕೆಟ್ ಇಲ್ಲ ಎಂದು ಕಾಲೇಜಿನವರು ಹೇಳಿದ್ದರು. ತಾಯಿ ಮಗಳ ಎದುರಿಗೇ ನನಗೆ ಹೇಳಿದರು: "ಇನ್ನೊಂದು ಸಲ ಮುರಿದ್ರೆ ಓದು ಬುಡಿಸ್ಬುಡ್ತೀನಿ ಅಣ್ಣ. ಪಾಸಾಗೋದು ಬ್ಯಾಡ, ಜೀವ ಇದ್ರೆ ಸಾಕು."

ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ, ಪುಟ ಮಾತ್ರ ತಿರುವಿದಳು. ಆ ಪುಟ ಅವಳು ಓದಿರಲಿಲ್ಲ ಎಂದು ನನಗೆ ಗೊತ್ತಾಯಿತು.

ಕಾರಿನ ಕೆಳಗೆ ಮಲಗಿದೆ. ಅಂಬಾಸಿಡರಿನ ಹಿಂದಿನ ಆಕ್ಸಲ್ ಎರಡೂ ಕಡೆ ಉಕ್ಕಿನ ಪಟ್ಟಿಗಳ ಕಟ್ಟಿನ ಮೇಲೆ ಕೂತಿರುತ್ತದೆ. ನಮ್ಮ ಕಡೆ ಆ ಕಟ್ಟಿಗೆ ಕಮಾನು ಎನ್ನುತ್ತೇವೆ, ಒಂದೊಂದು ಪಟ್ಟಿಗೆ ಪ್ಲೇಟು. ಮುಂದೆ ಕಮಾನಿಲ್ಲ, ಉದ್ದನೆಯ ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಈ ಕಾರಿನ ಕಮಾನಿನಲ್ಲಿ ಇರಬೇಕಾದ್ದಕ್ಕಿಂತ ಎರಡು ಪ್ಲೇಟು ಜಾಸ್ತಿ. ಟ್ಯಾಕ್ಸಿ ಕಾಲದಲ್ಲಿ ಒಳಗೆ ಹತ್ತು ಜನ, ಡಿಕ್ಕಿಯಲ್ಲಿ ಮತ್ತಿಬ್ಬರು. ಗಾಡಿ ಕುಸಿದಾಗಲೆಲ್ಲ ಒಂದು ಪ್ಲೇಟು ಏರಿಸುವುದು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಾಲ್ಕು ತಾಲೂಕಿನ ಮೆಕ್ಯಾನಿಕ್ಕುಗಳು ನಾವು ಕಲಿತ ಮೊದಲ ಮದ್ದು ಅದೇ. ಪ್ಲೇಟುಗಳ ನಡುವೆ ತುಕ್ಕು ಹಿಡಿದು ಇಡೀ ಕಟ್ಟು ಒಂದೇ ಗಟ್ಟಿ ತೊಲೆಯಾಗಿತ್ತು. ಶಾಕ್ ಅಬ್ಸಾರ್ಬರುಗಳು ನಾಲ್ಕೂ ಎಣ್ಣೆ ಸುರಿಸಿಕೊಂಡು ಒಣಗಿದ್ದವು.

ಹಳೇ ಕಾರುಗಳ ಹುಚ್ಚು ನನಗೂ ಉಂಟು. ಇಂಥ ಕಾರಿಗೆ ಏನೇನು ಹಾಕಿದರೆ ಈ ಕಾಲದ ಕಾರಿನ ಹಾಗೆ ಓಡುತ್ತದೆ ಎಂದು ಫೋನಿನಲ್ಲಿ ನೋಡಿ ನೋಡಿ ತಲೆ ತುಂಬಿಸಿಕೊಂಡಿದ್ದೆ. ಕೈಗೆ ಇಂಥ ಕೆಲಸ ಸಿಕ್ಕಿತಲ್ಲ ಎಂದು ಹಿಗ್ಗಿಬಿಟ್ಟೆ. ಬೆಂಗಳೂರಿನಿಂದ ಗ್ಯಾಸ್ ತುಂಬಿದ ಶಾಕುಗಳನ್ನು ತರಿಸಿದೆ. ಕೀಲುಗಳಲ್ಲಿ ಸವೆದು ಲಡ್ಡಾದ ರಬ್ಬರ್ ಬುಷ್‌ಗಳ ಜಾಗಕ್ಕೆ ಗಟ್ಟಿ ಬುಷ್ ಹಾಕಿದೆ. ತಿರುವಿನಲ್ಲಿ ಕಾರು ವಾಲದಂತೆ ಮುಂದಿನ ಎರಡು ಚಕ್ರಗಳನ್ನು ಹೆಣೆಯುವ ಅಡ್ಡ ಸರಳೊಂದಿದೆ; ಅದನ್ನು ತೆಗೆದು ದಪ್ಪನೆಯದನ್ನು ಕೂರಿಸಿದೆ. ಕಮಾನಿನಿಂದ ಒಂದು ಪ್ಲೇಟು ಕಿತ್ತೆ. ಕೊರಟಗೆರೆವರೆಗೂ ಒಬ್ಬನೇ ಓಡಿಸಿಕೊಂಡು ಹೋಗಿ ಬಂದೆ. ಏನು ಹೇಳಲಿ, ರೈಲಿನ ಹಾಗೆ ಹೋಯಿತು! ತಿರುವಿನಲ್ಲಿ ಮೈ ಅಲುಗಲಿಲ್ಲ. ತಾಯಿಯೂ ಒಂದು ಸುತ್ತು ಓಡಿಸಿ, "ಸ್ಟೇರಿಂಗು ಹೂ ಇದ್ದಂಗೈತೆ ಅಣ್ಣ" ಎಂದರು. ಅವತ್ತು ಊಟ ರುಚಿಯಾಗಿತ್ತು.

ಕಾರು ಕೊಟ್ಟ ಮೂರನೆಯ ಬೆಳಿಗ್ಗೆ ಅವರ ಫೋನು ಬಂತು, ಆಸ್ಪತ್ರೆಯಿಂದ. ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ಎಸೆದು ಓಡಿದೆ.

ಎಕ್ಸ್‌ರೇ ಕೋಣೆಯ ಹೊರಗೆ ತಾಯಿ ಗೋಡೆ ನೋಡುತ್ತ ನಿಂತಿದ್ದರು. ಹಂಪೊಂದನ್ನು ಹತ್ತಿಸುವಾಗ ಹುಡುಗಿ ಸೀಟಿನ ಮೇಲೆ ಜಾರಿ, ಚಾಚಿದ ಕಾಲು ಬಲಬಾಗಿಲಿಗೆ ಗುದ್ದಿತ್ತು. ಡಾಕ್ಟರು ಫಿಲಂ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿ, ಮುರಿದಿಲ್ಲ, ಈ ಸಲ ತಪ್ಪಿತು ಎಂದರು. ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತೆ.

ಸ್ಟ್ರೆಚರಿನ ಮೇಲಿಂದ ಹುಡುಗಿ ನನ್ನನ್ನು ನೋಡಿ, "ಮೂಟೆ ಒಡೀಲಿಲ್ಲ ಅಂಕಲ್" ಎಂದಳು. ತುಟಿ ಬೆಳ್ಳಗಾಗಿತ್ತು.

"ಸಾಕು ಅಣ್ಣ" ಎಂದರು ತಾಯಿ. "ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನಾನು ಇನ್ನು ಕರ್ಕೊಂಡು ಬರಲ್ಲ."

"ಅಮ್ಮ, ಈಗ ವಾರ ರಜೆ. ರಜೆ ಮುಗುದ್ರೆ ಪ್ರಾಕ್ಟಿಕಲ್ಸು. ಅಷ್ಟರೊಳಗೆ ಅಂಕಲ್ ಮಾಡ್ಲಿ" ಎಂದಳು ಹುಡುಗಿ. ಆಮೇಲೆ ನನ್ನ ಕಡೆ ತಿರುಗಿ, "ಮಾಡ್ತೀರಲ್ವಾ?" ಎಂದಳು.

ಆ ಕಣ್ಣುಗಳ ಮುಂದೆ ಆಗಲ್ಲ ಎನ್ನುವ ಬಾಯಿ ಯಾರಿಗಿದೆ? ಹೂಂ ಎಂದುಬಿಟ್ಟೆ.

ಆ ವಾರ ನಾನು ಒಂದು ಕಡೆ ನಿಂತವನಲ್ಲ. ಮುದ್ದೆ ಮುರಿಯುತ್ತ ಮುರಿಯುತ್ತ ಕೈ ನಿಂತುಹೋಗುತ್ತಿತ್ತು. "ತಟ್ಟೆ ನೋಡ್ಕೊಂಡು ಉಣ್ಣಿ, ಅದ್ರಲ್ಲಿ ಯಾವ ಚಕ್ರನೂ ಇಲ್ಲ" ಎಂದು ಹೆಂಡತಿ ಗದರಿದಳು. ನೆಂಟರ ಮದುವೆಗೆಂದು ಕೊರಟಗೆರೆಗೆ ಹೋದವನು ಛತ್ರದೊಳಗೆ ಹೋಗದೆ ಹೊರಗೆ ಸಾಲಾಗಿ ನಿಂತ ಕಾರುಗಳ ಡಿಕ್ಕಿಗಳನ್ನು ಒಂದೊಂದಾಗಿ ಒತ್ತಿ, ಯಾವುದು ಹೇಗೆ ಮೇಲೇಳುತ್ತದೆ, ಎಷ್ಟು ಸಲ ಕುಣಿದು ನಿಲ್ಲುತ್ತದೆ ಎಂದು ನೋಡುತ್ತ ಹೋದೆ. ಹೆಣ್ಣಿನ ಕಡೆಯ ಒಬ್ಬರು ಬಂದು ಕೊರಳಪಟ್ಟಿ ಹಿಡಿದರು. ಕಳ್ಳನಲ್ಲ, ಮೆಕ್ಯಾನಿಕ್ಕು ಎಂದು ನಂಬಿಸುವಷ್ಟರಲ್ಲಿ ಧಾರೆ ಮುಗಿದಿತ್ತು.

ಗಟ್ಟಿಯಾಗಿದ್ದಕ್ಕೆ ಹೀಗಾಯಿತು, ಮೆತ್ತಗೆ ಮಾಡೋಣ ಎಂದು ಈ ಕೊನೆಯಿಂದ ಆ ಕೊನೆಗೆ ಹಾರಿದೆ. ಇನ್ನೂ ಎರಡು ಪ್ಲೇಟು ಕಿತ್ತು, ಟೈರಿನ ಗಾಳಿ ಇಳಿಸಿದೆ. ಖಾಲಿ ಗಾಡಿ ತೊಟ್ಟಿಲಾಯಿತು. ಆಮೇಲೆ ಬುದ್ಧಿ ಬಂದು, ಹಿಂದಿನ ಸೀಟಿಗೆ ಎರಡು ಮೂಟೆ ಕಡಲೆಕಾಯಿ, ಡಿಕ್ಕಿಗೆ ವೀಲ್‌ಚೇರಿನ ಬದಲು ಹಳೇ ಗೇರ್‌ಬಾಕ್ಸ್ ಹಾಕಿಕೊಂಡು ಐ.ಡಿ.ಹಳ್ಳಿ ರಸ್ತೆಗೆ ಹೋದೆ. ಮೊದಲ ಹಂಪಿನಲ್ಲೇ ಹಿಂಭಾಗ ಪೂರ್ತಿ ಕುಸಿದು, ಆಕ್ಸಲ್ ಮೇಲಕ್ಕೆದ್ದು ಚಾಸಿಯ ರಬ್ಬರಿಗೆ ಧಡ್ ಎಂದು ಗುದ್ದಿತು. ಸೈಲೆನ್ಸರ್ ಹಂಪಿಗೆ ಉಜ್ಜಿತು. ಮೂಟೆಗಳು ಮಾತ್ರ ಕೂತಲ್ಲೇ ಕೂತಿದ್ದವು. ಮೂಟೆಗೆ ಯಾವ ಕಡೆಯಿಂದ ಪೆಟ್ಟು ಬಿತ್ತು ಎಂದು ಕೇಳಿದರೆ ಹೇಳುತ್ತದೆಯೇ?

ಗಾಡಿ ರಸ್ತೆ ಪಕ್ಕ ನಿಲ್ಲಿಸಿ ಬಾನೆಟ್ಟಿನ ಮೇಲೆ ಕೂತೆ. ಒಂದು ಬೀಡಿ ಹಚ್ಚಿದೆ, ಎಸೆದೆ, ಇನ್ನೊಂದು ಹಚ್ಚಿದೆ. ಇಷ್ಟು ದಿನ ಈ ಕಾರನ್ನು ಓಡಿಸುವವನ ಸೀಟಿನಿಂದಲೇ ನೋಡಿದ್ದೆ. ಆ ಹುಡುಗಿ ಕೂರುವ ಜಾಗದಲ್ಲಿ ಕಾರು ಏನು ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿಂದಲೇ ತಾಯಿಗೆ ಫೋನು ಮಾಡಿದೆ. "ಅಮ್ಮ, ಮಗಳು ಬೇಡ, ನೀವೊಬ್ಬರೇ ಬನ್ನಿ. ನೀವು ಓಡಿಸ್ಬೇಕು, ನಾನು ಹಿಂದೆ ಕೂರ್ಬೇಕು."

ಎರಡನೇ ಸಲ ಕಿತ್ತ ಪ್ಲೇಟುಗಳನ್ನು ಮತ್ತೆ ಹಾಕಿ, ಟೈರಿಗೆ ಗಾಳಿ ತುಂಬಿ, ಹುಡುಗಿಗೆ ಪೆಟ್ಟಾದ ದಿನ ಹೇಗಿತ್ತೋ ಹಾಗೇ ಮಾಡಿದೆ. ಎಡಬಾಗಿಲಿಗೆ ದಿಂಬು ಇಟ್ಟು ಒರಗಿದೆ. ಬಲಗಾಲು ಚಾಚಿ, ಮಂಡಿ ಮಡಚದಂತೆ ಎರಡು ಮರದ ಪಟ್ಟಿ ಇಟ್ಟು ಟವೆಲ್ಲಿನಿಂದ ಬಿಗಿದುಕೊಂಡೆ. ಗ್ಯಾರೇಜಿನವರೆಲ್ಲ ನಗುತ್ತಿದ್ದರು. ನಗಲಿ ಬಿಡಿ ಎಂದುಕೊಂಡೆ.

"ದಿನಾ ಓಡಿಸೋ ಹಂಗೇ ಓಡಿಸ್ರಮ್ಮ. ನಾನು ಇದೀನಿ ಅಂತ ಮರ್ತುಬುಡಿ."

ಸಪಾಟು ರಸ್ತೆಯಲ್ಲಿ ಏನೂ ತೊಂದರೆಯಿರಲಿಲ್ಲ. ಸಣ್ಣ ಗುಂಡಿಗಳಲ್ಲಿ ಬೆನ್ನಿಗೆ ಸ್ವಲ್ಪ ಕುಕ್ಕಿತು, ಅದೂ ತಡೆಯುವಂಥದ್ದೇ. ಒಂದು ಊರು ಬಂತು. ಊರ ಮುಂದೆ ಜನರೇ ಮಣ್ಣು ಡಾಂಬರು ಸುರಿದು ಕಟ್ಟಿದ ಹಂಪು. ಮೇಲೆ ಬಿಳಿ ಪಟ್ಟೆ ಇಲ್ಲ, ಆಕಡೆ ಈಕಡೆ ಬೋರ್ಡಿಲ್ಲ, ಹೊಲದ ಬದುವಿನಷ್ಟು ಎತ್ತರ. ತಾಯಿ ಗೇರು ಇಳಿಸಿ, ಸ್ಟೇರಿಂಗ್ ಎಡಕ್ಕೆ ತಿರುಗಿಸಿ, ಕಾರನ್ನು ಓರೆಯಾಗಿ ಹತ್ತಿಸಿದರು. ಮೊದಲು ಒಂದು ಚಕ್ರ, ಆಮೇಲೆ ಇನ್ನೊಂದು.

ಕಾರು ಮೇಲೆ ಹಾರಲಿಲ್ಲ. ಪಕ್ಕಕ್ಕೆ ಒದೆಯಿತು. ಮೊದಲು ಬಾಗಿಲು ನನ್ನ ಬೆನ್ನನ್ನು ನೂಕಿತು, ಮರುಕ್ಷಣ ನಾನು ಸೀಟಿನ ಮೇಲೆ ಸರ್ರನೆ ಜಾರಿ ಚಾಚಿದ ಕಾಲು ಬಲಬಾಗಿಲಿಗೆ ಬಡಿಯಿತು. ಹಿಮ್ಮಡಿಯಿಂದ ಸೊಂಟದವರೆಗೆ ಝುಂ ಎಂದಿತು. ನಾಲಿಗೆ ಕಚ್ಚಿಕೊಂಡೆ.

"ನಿಲ್ಸಿ! ನಿಲ್ಸಿ!" ಎಂದು ಕೂಗಿದೆ.

ಅವರು ಗಾಬರಿಯಾಗಿ ನಿಲ್ಲಿಸಿದರು. "ಯಾಕಮ್ಮ ಓರೆ ಹತ್ಸಿದ್ರಿ?" ಎಂದೆ.

"ಇನ್ನೆಂಗೆ ಹತ್ಸದು? ಎಲ್ಲಾರೂ ಇಂಗೇ ಅಲ್ವಾ? ನಮ್ಮಪ್ಪ ಇಂಗೇ ಹೇಳ್ಕೊಟ್ಟಿದ್ದು. ನೇರ ಹೋದ್ರೆ ಹೊಟ್ಟೆ ಉಜ್ಜುತ್ತೆ, ಸೈಲೆನ್ಸರು ಕಿತ್ಕೊಂಡು ಹೋಯ್ತದೆ ಅಂತ."

ನಿಜ. ಈ ನಾಲ್ಕು ತಾಲೂಕಿನಲ್ಲಿ ಹಂಪನ್ನು ಓರೆಯಾಗಿ ಹತ್ತಿಸದ ಡ್ರೈವರ್ ಯಾರಿದ್ದಾರೆ? ಹತ್ತು ಜನ ತುಂಬಿದ ಟ್ಯಾಕ್ಸಿಗಳ ಹೊಟ್ಟೆ ಉಳಿಸಲು ಶುರುವಾದ ಅಭ್ಯಾಸ. ಟ್ಯಾಕ್ಸಿಗಳು ಹೋದರೂ ಅಭ್ಯಾಸ ಕೈಯಲ್ಲೇ ಉಳಿದಿದೆ. ನನ್ನ ಗಿರಾಕಿಗಳಿಗೂ ನಾನು ಅದನ್ನೇ ಹೇಳುತ್ತ ಬಂದಿದ್ದೇನೆ. ಮುಂದಕ್ಕೆ ಮುಖ ಮಾಡಿ ಕೂತವನಿಗೆ ಆ ಓಲಾಟ ಲೆಕ್ಕಕ್ಕಿಲ್ಲ, ಭುಜ ಒಂದಿಷ್ಟು ಅಲುಗುತ್ತದೆ ಅಷ್ಟೆ. ಆದರೆ ಈ ಹುಡುಗಿ ಅಡ್ಡಲಾಗಿ ಕೂರುತ್ತಾಳೆ. ಕಾರು ಪಕ್ಕಕ್ಕೆ ಓಲಾಡಿದರೆ ಅವಳ ಮೂಳೆಯ ಉದ್ದಕ್ಕೆ ಪೆಟ್ಟು. ಹಿಂದಿನ ಸಲ ಮುರಿದದ್ದೂ ಹೀಗೆಯೇ. ಅದರ ಮೇಲೆ ನಾನು ಹಾಕಿದ ದಪ್ಪ ಸರಳು ಒಂದು ಚಕ್ರ ತಿಂದ ಪೆಟ್ಟನ್ನು ಇನ್ನೊಂದು ಬದಿಗೂ ದಾಟಿಸಿ, ಓಲಾಟವನ್ನು ಒದೆತ ಮಾಡಿತ್ತು. ನಾನು ಬೀಗಿದ್ದ ಆ ಸಲಕರಣೆಯೇ ಅವಳನ್ನು ಬಾಗಿಲಿಗೆ ಬಡಿದಿತ್ತು.

ಸಿಟ್ಟು ಬಂತು, ನನ್ನ ಮೇಲೇ. ಆದರೆ ಅದರ ಜೊತೆಗೆ ಆ ವಾರದಲ್ಲಿ ಮೊದಲ ಸಲ ಏನು ಮಾಡಬೇಕು ಎಂದೂ ಗೊತ್ತಾಯಿತು.

"ಅಮ್ಮ, ಇನ್ಮೇಲೆ ನೀವು ಹಂಪಿಗೆ ನೇರ ಹೋಗ್ಬೇಕು. ಎರಡೂ ಚಕ್ರ ಒಟ್ಟಿಗೆ ಹತ್ಬೇಕು. ಹೊಟ್ಟೆ ಉಜ್ಜದಂಗೆ ಮಾಡೋದು ನನ್ನ ಕೆಲಸ."

ಹಾಗಾದರೆ ಎತ್ತರ ಬೇಕು, ಗಡಸುತನ ಬೇಡ. ನಮ್ಮ ಕಡೆಯ ಮದ್ದಿನಲ್ಲಿ, ಅಂದರೆ ಪ್ಲೇಟು ಏರಿಸುವುದರಲ್ಲಿ, ಅವೆರಡೂ ಒಟ್ಟಿಗೇ ಬರುತ್ತವೆ. ಗ್ಯಾರೇಜಿಗೆ ಬಂದವನೇ ದಪ್ಪ ಸರಳು ಕಿತ್ತು ಮೊದಲಿದ್ದ ಸಣ್ಣದನ್ನು ಕೂರಿಸಿದೆ. ಗ್ಯಾಸ್ ಶಾಕುಗಳನ್ನು ತೆಗೆದು ಮೆತ್ತನೆಯ ಎಣ್ಣೆ ಶಾಕುಗಳನ್ನು ಹಾಕಿದೆ. ಗಟ್ಟಿ ಬುಷ್ ಹೋಗಿ ಮತ್ತೆ ರಬ್ಬರ್ ಬಂತು. ಬೆಂಗಳೂರಿನಿಂದ ತರಿಸಿದ್ದೆಲ್ಲ ಮೂಲೆ ಸೇರಿತು, ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಕಮಾನುಗಳೆರಡನ್ನೂ ಬಿಚ್ಚಿ ಟೆಂಪೋಗೆ ಹಾಕಿಕೊಂಡು ಶಿರಾಕ್ಕೆ ಹೊರಟೆ.

ಶಿರಾದಲ್ಲಿ ಲಾರಿ ಕಮಾನು ಕಟ್ಟುವ ಸಾಬರೊಬ್ಬರಿದ್ದಾರೆ. ನನ್ನನ್ನು ನೋಡಿದ ಕೂಡಲೇ, "ಬನ್ನಿ ಬನ್ನಿ, ಎಷ್ಟು ಪ್ಲೇಟ್ ಏರಿಸ್ಬೇಕು?" ಎಂದರು.

"ಒಂದು ಆಗ್ಲೇ ತೆಗ್ದಿದೀನಿ, ಇನ್ನೊಂದು ತೆಗೀಬೇಕು. ಉಳಿದಿದ್ದಕ್ಕೆ ಬಾಗು ಜಾಸ್ತಿ ಕೊಟ್ಟು ಎತ್ತರ ಮಾಡ್ಬೇಕು."

"ಅರೇ, ತೆಗೀಬೇಕಾ? ಪ್ಲೇಟ್ ತೆಗೀರಿ ಅಂತ ಬಂದಿರೋ ಗಿರಾಕಿ ನೀವೇ ಪೈಲಾ. ಮಾತು ಕೇಳಿ ಮೇಸ್ತ್ರಿ, ಇನ್ನೊಂದು ಹಾಕ್ಬುಡ್ತೀನಿ. ಜಿಂದಗಿ ಪೂರಾ ಕೂರಲ್ಲ ಗಾಡಿ."

"ಇದು ಮೂಟೆ ಹೊರೋ ಗಾಡಿ ಅಲ್ಲ ಸಾಬ್ರೇ" ಎಂದು ಹುಡುಗಿಯ ವಿಷಯ ಹೇಳಿದೆ.

ಅವರು ಗಡ್ಡ ನೀವಿಕೊಂಡು ಕೇಳಿದರು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಬಾಗು ಗೀಚಿದರು. "ಇಷ್ಟು ಸಾಕಾ?" ಸಾಕಾಗಲ್ಲ ಎಂದೆ. ಅಳಿಸಿ ಮತ್ತೆ ಗೀಚಿದರು. ಬೆಂಕಿಗೆ ಹಾಕಿದರೆ ಉಕ್ಕಿನ ಹದ ಕೆಡುತ್ತದೆಂದು, ತಣ್ಣಗಿರುವಾಗಲೇ ಒಂದೊಂದು ಪ್ಲೇಟನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು, ಬೆರಳಗಲ ಬೆರಳಗಲ ಸರಿಸುತ್ತ ಸುತ್ತಿಗೆಯಿಂದ ಹೊಡೆದು ಬಗ್ಗಿಸಬೇಕು. ಹೊಡೆಯುವುದು, ಸುಣ್ಣದ ಗೀಟಿನ ಮೇಲಿಟ್ಟು ನೋಡುವುದು, ಮತ್ತೆ ಹೊಡೆಯುವುದು. ನಾನು ಹಿಂದೆ ಮುಂದೆ ಓಡಾಡುತ್ತಲೇ ಇದ್ದೆ. "ಕೂತ್ಕೊಳ್ಳಿ ಮೇಸ್ತ್ರಿ, ನಿಮ್ಮನ್ನ ನೋಡಿ ನನ್ನ ಸುತ್ತಿಗೆ ತಪ್ತದೆ" ಎಂದರು. ಕೂತೆ. ಮತ್ತೆ ಎದ್ದೆ.

ಒಂದು ಉದ್ದ ಪ್ಲೇಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅದನ್ನು ಹಾಕುವ ಹಾಗಿರಲಿಲ್ಲ. ಹೊಸದು ಸಿಗುವುದಿಲ್ಲ. ಪಾವಗಡದಲ್ಲಿ ಹಳೇ ಟ್ಯಾಕ್ಸಿಯವರೊಬ್ಬರ ಹಿತ್ತಲಲ್ಲಿ ಅಂಬಾಸಿಡರೊಂದು ಜಾಲಿ ಗಿಡದೊಳಗೆ ನಿಂತಿರುವುದು ನೆನಪಾಗಿ ಮರುದಿನ ಅಲ್ಲಿಗೆ ಹೋದೆ. "ತೀಸ್ಕೋ ಸಾಮಿ, ಬಿಚ್ಕೊಂಡು ಹೋಗು. ಹಾವು ಇದ್ದೀತು, ಜಾಗ್ರತೆ" ಎಂದು ತೆಲುಗು ಬೆರೆಸಿ ಹೇಳಿ ಅವರು ಕಟ್ಟೆಯ ಮೇಲೆ ಹೋಗಿ ಕೂತರು. ಹಾವಿರಲಿಲ್ಲ, ಮುಳ್ಳಿತ್ತು. ತೋಳೆಲ್ಲ ಗೀರಿಸಿಕೊಂಡು ಪ್ಲೇಟು ಬಿಚ್ಚಿ ಸಂಜೆಯೊಳಗೆ ಶಿರಾ ಮುಟ್ಟಿಸಿದೆ.

ಪ್ಲೇಟುಗಳ ತುಕ್ಕು ಉಜ್ಜಿ, ಒಂದರ ಮೇಲೊಂದು ಸಲೀಸಾಗಿ ಜಾರಲೆಂದು ನಡುವೆ ಗ್ರೀಸು, ತುದಿಗಳಲ್ಲಿ ನುಣುಪು ನೈಲಾನ್ ತುಂಡು ಇಟ್ಟು ಕಮಾನು ಕಟ್ಟಿದೆವು. ಸೈಲೆನ್ಸರ್ ಪೈಪನ್ನು ಕತ್ತರಿಸಿ ಚಾಸಿಯ ಒತ್ತಿಗೆ ಎತ್ತಿ ಬೆಸುಗೆ ಹಾಕಿಸಿದೆ. ಕಾರು ಈಗ ಹಿಂದೆ ಮುಂದೆ ಸಮನಾಗಿ ನಿಂತಿತು. ಟಗರು ತಲೆ ಎತ್ತಿತ್ತು. ಡಿಕ್ಕಿ ಒತ್ತಿ ಬಿಟ್ಟೆ. ಒಮ್ಮೆ ಮೇಲೆ ಬಂದು ನಿಧಾನವಾಗಿ ತನ್ನ ಜಾಗಕ್ಕೆ ನಿಂತಿತು.

ರಜೆಯ ಕೊನೆಯ ದಿನ ಮತ್ತೆ ಮರದ ಪಟ್ಟಿ ಬಿಗಿದುಕೊಂಡು ಹಿಂದೆ ಕೂತೆ. ಹಂಪಿನ ಹತ್ತಿರ ಬಂದಾಗ ತಾಯಿಯ ಕೈ ತಾನಾಗಿ ಎಡಕ್ಕೆ ಹೋಯಿತು. "ನೇರ!" ಎಂದು ಕಿರುಚಿದೆ. ಇನ್ನೊಂದು ಹಂಪಿಗೂ ಕಿರುಚಿದೆ. ಇಷ್ಟು ವರ್ಷದ ಕೈ ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ಸಂಜೆಯ ಹೊತ್ತಿಗೆ ಕೇಳತೊಡಗಿತು. ನೇರ ಹತ್ತಿದರೆ ಕಾರು ತಲೆ ಎತ್ತಿ ಬಾಲ ಇಳಿಸುತ್ತಿತ್ತು, ನಾನು ಸೀಟಿನ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದೆ. ಕಾಲು ಇದ್ದಲ್ಲೇ ಇರುತ್ತಿತ್ತು. ಹೊಟ್ಟೆ ಎಲ್ಲೂ ಉಜ್ಜಲಿಲ್ಲ.

ಪ್ರಾಕ್ಟಿಕಲ್ಸಿನ ಬೆಳಿಗ್ಗೆ ನಾನು ಮೊದಲ ಬಸ್ಸಿಗೇ ಅವರ ಮನೆಗೆ ಹೋದೆ. ಯಾರೂ ಕರೆದಿರಲಿಲ್ಲ. ಹುಡುಗಿ ಬಿಳಿ ಲ್ಯಾಬ್ ಕೋಟು ಮಡಿಲಲ್ಲಿಟ್ಟುಕೊಂಡು ವೀಲ್‌ಚೇರಿನಿಂದ ಸೀಟಿಗೆ ಜಾರಿದಳು, ಎಡಬಾಗಿಲಿಗೆ ಒರಗಿದಳು. ನಾನು ಮುಂದೆ, ತಾಯಿಯ ಪಕ್ಕ ಕೂತೆ.

ಮೊದಲ ಹಂಪು ದಾಟಿತು. "ಹೆಂಗೈತೆ?" ಎಂದೆ. "ಪರವಾಗಿಲ್ಲ ಅಂಕಲ್." ಎರಡನೆಯದು. "ಈಗ?" "ನೀವು ಕೇಳೋದೇ ಜಾಸ್ತಿ ಕುಲುಕುತ್ತೆ, ಸುಮ್ನಿರಿ. ನಾನು ಟೈಟ್ರೇಶನ್ ನೆನಪು ಮಾಡ್ಕೋಬೇಕು." ಬಾಯಿ ಮುಚ್ಚಿಕೊಂಡೆ. ಕಿವಿ ಮುಚ್ಚಲಾಗಲಿಲ್ಲ. ಹಿಂದಿನ ಎಡ ಚಕ್ರದ ಕಡೆಯಿಂದ ಕಿರ್ ಎಂದು ಒಂದು ಸಣ್ಣ ಸದ್ದು ಕೇಳಿಸುತ್ತಿತ್ತು. ಯಾವ ನಟ್ಟು ಸಡಿಲ? ಕಮಾನಿನ ಕೊಂಡಿಯೇ? ಇಳಿದು ನೋಡದಿದ್ದರೆ ಜೀವ ಹೋದೀತು ಎನ್ನುವ ಹಾಗಾಯಿತು.

ಮಧುಗಿರಿಯ ಬೆಟ್ಟ ಕಾಣಿಸುವ ಹೊತ್ತಿಗೆ ಇನ್ನೊಂದು ಹಂಪು ದಾಟಿದೆವು. ತಾಯಿ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತಮ್ಮ?"

"ಸದ್ದೇ ಇಲ್ಲ" ಎಂದರು ಪಿಸುಮಾತಿನಲ್ಲಿ. "ಪ್ರತಿ ಹಂಪಿಗೂ ಅಮ್ಮಾ ಅಂತಾಳೆ ಅಣ್ಣ. ನಾನು ಅದ್ನ ಕೇಳಿಸ್ಕೊಂಡೇ ಓಡ್ಸೋದು. ಈಗ ಸದ್ದೇ ಇಲ್ಲ." ತಿರುಗಿ ನೋಡಲು ಅವರಿಗೆ ಧೈರ್ಯ ಬರಲಿಲ್ಲ.

ನಾನು ತಿರುಗಿದೆ. ಲ್ಯಾಬ್ ಕೋಟನ್ನು ಎದೆಗವಚಿಕೊಂಡು, ದಿಂಬಿಗೆ ಕೆನ್ನೆ ಒತ್ತಿ, ಬಾಯಿ ಸ್ವಲ್ಪ ತೆರೆದು, ಹುಡುಗಿ ನಿದ್ದೆ ಹೋಗಿದ್ದಳು. ಚಾಚಿದ ಪಾದ ಬಾಗಿಲಿನಿಂದ ಅದೇ ನಾಲ್ಕು ಬೆರಳು ದೂರದಲ್ಲಿತ್ತು.

"ನೋಡ್ರಮ್ಮ" ಎಂದೆ.

ಅವರು ನೋಡಿದರು. ಎಷ್ಟು ಹೊತ್ತು ನೋಡಿದರೋ. "ಗಾಡೀಲಿ ಯಾವತ್ತೂ ಮಲಗಿದೋಳಲ್ಲ ಕಣಣ್ಣ" ಎಂದು ಸೆರಗು ಬಾಯಿಗೊತ್ತಿಕೊಂಡರು. ನನಗೂ ಕಣ್ಣು ತುಂಬಿತು. ಕಿಟಕಿಯಾಚೆ ಬೆಟ್ಟ ನೋಡುವವನ ಹಾಗೆ ಮುಖ ತಿರುಗಿಸಿದೆ.

ಕಾಲೇಜಿಗೆ ಇನ್ನೂ ಹೊತ್ತಿತ್ತು. ತಾಯಿ ಇಂಜಿನ್ ಆಫ್ ಮಾಡಿದರು. ಇಳಿದು ಆ ಎಡ ಚಕ್ರದ ಕೊಂಡಿ ನೋಡಿಬಿಡೋಣ ಎಂದು ನನ್ನ ಕೈ ಬಾಗಿಲ ಹಿಡಿಗೆ ಹೋಯಿತು. ಆದರೆ ಈಗ ಅದು ಮೆತ್ತನೆಯ ಕಾರು, ಒಬ್ಬರು ಇಳಿದರೂ ಅಲುಗುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡು, ಅವಳು ಏಳುವವರೆಗೂ ನಾನು ಅಲ್ಲಾಡದೆ ಕೂತೆ.